ಮಡಿಕೆಯಲ್ಲಿ ಮುರಿದ ಗೆರೆ

"ಅಮ್ಮಾ, ರೇಣುಕಾ ಅಜ್ಜಿ ಆ ಬೋಟ್‌ನ ನೀರಲ್ಲಿ ಯಾಕೆ ಬಿಡಲ್ಲ? ಇಸ್ ಶಿ ಸ್ಕೇರ್ಡ್?"

ಶೂ ಬಿಚ್ಚುತ್ತಾ ಮಾನ್ಯಾ ಕೇಳಿದಳು. ಆರು ವರ್ಷದವಳು. ನನ್ನ ಆಫೀಸಿನ ಮೀಟಿಂಗುಗಳು ಮುಗಿಯುವವರೆಗೆ, ಅಂದರೆ ಸ್ಕೂಲ್ ಬಸ್ ಬಂದಾಗಿನಿಂದ ಐದು ಗಂಟೆಯವರೆಗೆ, ಅವಳು ಎರಡು ಮನೆ ಆಚೆಯ ರೇಣುಕಾದೇವಿ ಆಂಟಿಯ ಹತ್ತಿರ ಇರುತ್ತಾಳೆ. ನಾನು ಬೇಳೆ ತೊಳೆಯುತ್ತಿದ್ದೆ.

"ಅದು ಬೋಟ್ ಅಲ್ಲ, ಹಡಗು. ಇನ್ನೂ ಮುಗಿದಿಲ್ಲ ಅನ್ಸತ್ತೆ ಪುಟ್ಟಾ."

"ಇಟ್ಸ್ ಡನ್! ಫ್ಲ್ಯಾಗ್ ಕೂಡ ಹಾಕಿದಾರೆ. ಬಾತ್‌ಟಬ್‌ಲ್ಲಿ ಬಿಡೋಣ ಅಂದೆ. ಅಜ್ಜಿ ಸುಮ್ನೆ ಕೂತ್ಕೊಂಡ್ರು."

ಆಂಟಿ ಸುಮ್ಮನೆ ಕೂರುವುದು ಹೊಸದೇನಲ್ಲ. ಗಂಡ ಹೋಗಿ ಇಪ್ಪತ್ತೊಂದು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಅವರು ಅತ್ತಿದ್ದನ್ನು ನಾನು ನೋಡಿಲ್ಲ. ಹೊತ್ತಿಗೆ ಸರಿಯಾಗಿ ಏಳುತ್ತಾರೆ, ಅನ್ನಕ್ಕಿಡುತ್ತಾರೆ, ಮಾನ್ಯಾಗೆ ಸೇಬು ಹೆಚ್ಚಿ ಕೊಡುತ್ತಾರೆ, ಡೈನಿಂಗ್ ಟೇಬಲ್ಲಿನ ಮೇಲೆ ಹಡಗು ಕಟ್ಟುತ್ತಾರೆ. ಶನಿವಾರ ನಾನು ಇಂಡಿಯನ್ ಸ್ಟೋರಿಗೆ ಹೊರಟರೆ ಕಾರಿನಲ್ಲಿ ಪಕ್ಕದಲ್ಲಿ ಕೂತು, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಕೇಳದಿದ್ದರೆ ಇಲ್ಲ.

ಅವರ ಕಥೆ ನನಗೆ ಹಾಗೆಯೇ ಸಿಕ್ಕಿತು. ಟ್ರಾಫಿಕ್ಕಿನಲ್ಲಿ ನಿಂತಾಗ ಒಂದು ತುಂಡು, ಕೊತ್ತಂಬರಿ ಆರಿಸುವಾಗ ಒಂದು ತುಂಡು.

ರೇಣುಕಾದೇವಿ ಟ್ರೇಸರ್ ಆಗಿದ್ದರು. ಆ ಕೆಲಸ ಈಗ ಎಲ್ಲೂ ಇಲ್ಲ. ಸಾವಿರದ ಒಂಬೈನೂರ ಅರವತ್ತೇಳರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಬೆಂಗಳೂರಿನ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿಗೆ ಸೇರಿದರು. ಗಂಡಸರು ಪೆನ್ಸಿಲಿನಲ್ಲಿ ನಕ್ಷೆ ಬರೆಯುತ್ತಿದ್ದರು. ಹುಡುಗಿಯರು ಅದರ ಮೇಲೆ ಪಾರದರ್ಶಕ ಬಟ್ಟೆ ಹಾಸಿ, ಇಂಕಿನಲ್ಲಿ ಗೆರೆಯ ಮೇಲೆ ಗೆರೆ ಎಳೆಯುತ್ತಿದ್ದರು. ಪ್ರತಿ ಹಾಳೆಯ ಬಲಮೂಲೆಯಲ್ಲಿ ಮೂರು ಪುಟ್ಟ ಚೌಕ: ಬರೆದವರು, ಟ್ರೇಸ್ ಮಾಡಿದವರು, ಚೆಕ್ ಮಾಡಿದವರು. ನಡುವಿನ ಚೌಕದಲ್ಲಿ ಆಂಟಿ ಆರ್.ಡಿ. ಎಂದು ಹಾಕುತ್ತಿದ್ದರು.

ಸೇರಿದ ಎರಡನೇ ತಿಂಗಳು ಒಂದು ಗಿಯರಿನ ನಕ್ಷೆ ಬಂತಂತೆ. ಪಕ್ಕದಲ್ಲಿ ಇಪ್ಪತ್ತನಾಲ್ಕು ಹಲ್ಲು ಎಂದು ಬರೆದಿದೆ, ಚಿತ್ರದಲ್ಲಿ ಇಪ್ಪತ್ತಮೂರೇ ಇದೆ. ಈಕೆ ಜಾಣತನದಿಂದ ಒಂದು ಹಲ್ಲು ಸೇರಿಸಿ ಟ್ರೇಸ್ ಮಾಡಿದರು. ಹೆಡ್ ಡ್ರಾಫ್ಟ್ಸ್‌ಮನ್ ಆ ಬಟ್ಟೆಯನ್ನು ಎಲ್ಲರೆದುರು ಹರಿದು ಹಾಕಿದ.

"'ಕಂಡದ್ದನ್ನ ಬರಿ, ತಿಳಿದದ್ದನ್ನ ಬರೀಬೇಡ' ಅಂದ," ಎಂದು ಆಂಟಿ ಹೇಳಿದ್ದರು. "'ತಪ್ಪು ಹೇಳೋಕೆ ಚೆಕರ್ ಇದಾನೆ. ನೀನು ಕಣ್ಣು, ಅವನು ಬಾಯಿ' ಅಂದ. ಅವತ್ತಿಂದ ಹಾಗೇ ಇದ್ದೆ ಕಣೆ. ಬೇಕಾದಷ್ಟು ತಪ್ಪು ಕಂಡಿದೀನಿ. ಎಲ್ಲಾ ನೀಟಾಗಿ ಬರ್ದಿದೀನಿ."

ಆ ಅಂದವಾದ ಗೆರೆಗಳನ್ನು ನೋಡಿ ಮೆಚ್ಚಿದವರು ಹರಿಪ್ರಸಾದ ಅಂಕಲ್. ಮದುವೆಯಾಗಿ ಎಪ್ಪತ್ತೇಳರಲ್ಲಿ ಇಲ್ಲಿಗೆ ಬಂದರು. ಅಂಕಲ್ ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಚೇರಿಯಲ್ಲಿ ಅಂಕಿಅಂಶಗಳ ಕೆಲಸ ಮಾಡಿದರು, ಇಲ್ಲಿನ ವಿಯೆನ್ನಾ ಸ್ಟೇಷನ್ನಿನಿಂದ ಆರೆಂಜ್ ಲೈನ್ ಮೆಟ್ರೋ ಹಿಡಿದು ಓಡಾಡಿದರು. ಆಂಟಿ ಇಲ್ಲೇ ಒಂದು ಸಣ್ಣ ಕಂಪನಿಯಲ್ಲಿ ರಸ್ತೆ ಮತ್ತು ಚರಂಡಿಯ ನಕ್ಷೆಗಳನ್ನು ಟ್ರೇಸ್ ಮಾಡಿದರು. ಆಮೇಲೆ ಕಂಪ್ಯೂಟರಿನಲ್ಲಿ ಅದನ್ನೇ ಮಾಡಿದರು. ಮಕ್ಕಳಾಗಲಿಲ್ಲ. ಅದನ್ನೂ ಕೇಳಿದ್ದಕ್ಕೆ ಹೇಳಿದ್ದು.

ಹಡಗು ಬಂದದ್ದು ಅಂಕಲ್ಲಿನಿಂದ. ಎರಡು ಸಾವಿರದ ಇಪ್ಪತ್ತರ ಲಾಕ್‌ಡೌನಿನಲ್ಲಿ ಅವರಿಗೆ ಕೈಕಾಲು ಕಟ್ಟಿಹಾಕಿದಂತಾಯಿತು. ಹಿಂದೆಂದೋ ಯಾರದೋ ಗರಾಜ್ ಸೇಲಿನಿಂದ ತಂದಿದ್ದ ರಟ್ಟಿನ ಡಬ್ಬ ಬಿಚ್ಚಿದರೆ, ಹಡಗುಗಳ ಕುರಿತ ಹಳೆಯ ಪತ್ರಿಕೆಗಳ ನಡುವೆ ಎಂಟು ಮಡಿಕೆಯ ಒಂದು ದೊಡ್ಡ ಹಾಳೆ ಸಿಕ್ಕಿತು. ಉನೆಬಿ ಎಂಬ ಜಪಾನಿ ಯುದ್ಧನೌಕೆಯ, ಕ್ರೂಸರಿನ, ನಕ್ಷೆಯ ಫೋಟೋಕಾಪಿ.

ಜಪಾನಿನವರು ಆಗ ಹೊಸದಾಗಿ ನೌಕಾಪಡೆ ಕಟ್ಟಿಕೊಳ್ಳುತ್ತಿದ್ದರು. ಅಂಥ ದೊಡ್ಡ ಉಕ್ಕಿನ ಹಡಗು ಕಟ್ಟುವ ಅನುಕೂಲ ಇನ್ನೂ ತಮ್ಮಲ್ಲಿಲ್ಲದ್ದರಿಂದ ಫ್ರಾನ್ಸಿನವರಿಗೆ ಹೇಳಿ ಮಾಡಿಸಿದರು. ತೊಂಬತ್ತೆಂಟು ಮೀಟರ್ ಉದ್ದ, ಹದಿಮೂರು ಮೀಟರ್ ಅಗಲ. ಉಗಿ ಎಂಜಿನ್ನೂ ಇತ್ತು, ಪಟ ಕಟ್ಟಲು ಮೂರು ಕಂಬಗಳೂ ಇದ್ದವು. ಎರಡೂ ಪಕ್ಕದಲ್ಲಿ ಹೊರಚಾಚಿದ ಕಟ್ಟೆಗಳ ಮೇಲೆ ಭಾರಿ ಫಿರಂಗಿಗಳು. ಸಾವಿರದ ಎಂಟುನೂರ ಎಂಬತ್ತಾರರ ಅಕ್ಟೋಬರಿನಲ್ಲಿ ಫ್ರಾನ್ಸಿನಿಂದ ಹೊರಟಿತು. ಡಿಸೆಂಬರಿನಲ್ಲಿ ಸಿಂಗಪುರ ಬಿಟ್ಟಿತು. ಮತ್ತೆ ಯಾರೂ ನೋಡಲಿಲ್ಲ. ಮೇಲ್ಭಾರ ಹೆಚ್ಚಾಗಿ ಬಿರುಗಾಳಿಗೆ ಮಗುಚಿರಬೇಕು ಎಂದು ಊಹೆ. ಹತ್ತಿರ ಹತ್ತಿರ ಒಂದು ವರ್ಷ ಕಾದು, ಕಳೆದುಹೋಯಿತೆಂದು ಜಪಾನಿನವರು ಬರೆದುಕೊಂಡರು.

ಅಂಕಲ್ಲಿಗೆ ಇದನ್ನು ನೂರರಲ್ಲಿ ಒಂದು ಪಾಲು ಅಳತೆಗೆ ಕಟ್ಟುವ ಹುಚ್ಚು ಹಿಡಿಯಿತು. ಆ ಬೇಸಿಗೆಯಲ್ಲಿ ನಾವು ಅವರ ಬೇಲಿಯಾಚೆ ಮಾಸ್ಕ್ ಹಾಕಿಕೊಂಡು ನಿಂತಾಗ ಅವರಿಬ್ಬರ ಮಾತು ನಮಗೂ ಕೇಳುತ್ತಿತ್ತು.

"ಬಾರೇ, ಒಂದ್ಸಲ ಟ್ರೇಸ್ ಮಾಡ್ಕೊಡೇ."

"ನಲವತ್ತು ವರ್ಷ ಮಾಡಿದೀನಿ ರೀ. ಸಾಕು."

"ಜಾತಕ ನೋಡ್ಲಿಲ್ಲ, ನಿನ್ನ ಕೈಗೆರೆ ನಂಬಿ ಮದುವೆ ಆದವನು ಕಣೇ ನಾನು. ಒಂದು ಹಡಗು ಎಳ್ಕೊಡಕ್ಕಾಗಲ್ವಾ?"

ಆಂಟಿ ಎಳೆದುಕೊಟ್ಟರು. ಅದನ್ನು ಅಂಟಿಸಿಕೊಂಡು ಅಂಕಲ್ ಪ್ಲೈವುಡ್ಡಿನಲ್ಲಿ ಹಡಗಿನ ಪಕ್ಕೆಲುಬುಗಳನ್ನೆಲ್ಲ ಕತ್ತರಿಸಿದರು. ಹತ್ತೊಂಬತ್ತು ತುಂಡು. ಅಡಿಯ ಪಟ್ಟಿಗೆ ಅವನ್ನು ಸಾಲಾಗಿ ಅಂಟಿಸುವಷ್ಟರಲ್ಲಿ ಕ್ರಿಸ್‌ಮಸ್ ಬಂತು. ಜನವರಿಯಲ್ಲಿ ಅವರಿಗೆ ಕೋವಿಡ್ ಬಂತು. ಆಸ್ಪತ್ರೆಗೆ ಸೇರಿದ ಹನ್ನೆರಡನೆಯ ದಿನ ಹೋದರು. ಆಂಟಿಯನ್ನು ಒಳಗೆ ಬಿಡಲಿಲ್ಲ. ನರ್ಸ್ ಒಬ್ಬಳು ಟ್ಯಾಬ್ಲೆಟ್ ಹಿಡಿದು ಮುಖ ತೋರಿಸಿದಳು. ಉಳಿದ ಶಾಸ್ತ್ರವೆಲ್ಲ ಕಂಪ್ಯೂಟರಿನ ಪರದೆಯಲ್ಲಿ. ಪುರೋಹಿತರ ಮೈಕು ನಡುವೆ ಮ್ಯೂಟ್ ಆಗಿತ್ತು. ಅದನ್ನು ಯಾರೂ ಹೇಳಲಿಲ್ಲ.

ಮಾರ್ಚಿನಲ್ಲಿ ಆಂಟಿ ಹಡಗಿನ ಆ ಅಸ್ಥಿಪಂಜರವನ್ನು ಗರಾಜಿನಿಂದ ಎತ್ತಿ ತಂದು ಡೈನಿಂಗ್ ಟೇಬಲ್ಲಿನ ಮೇಲಿಟ್ಟರು. ಕುಕ್ಕರಿನ ವೆಯಿಟ್ ತೆಗೆದು, ಹೊಮ್ಮುವ ಆವಿಗೆ ಮರದ ಪಟ್ಟಿಗಳನ್ನು ಹಿಡಿದು ಬಗ್ಗಿಸಿ, ಬಟ್ಟೆ ಕ್ಲಿಪ್ಪುಗಳಿಂದ ಪಕ್ಕೆಲುಬಿಗೆ ಕಚ್ಚಿಸಿ ಅಂಟಿಸುತ್ತಿದ್ದರು. ದಿನಕ್ಕೆ ಎರಡು ಪಟ್ಟಿ. ನೋಡಲು ಹೋದವರೆಲ್ಲ ಒಂದು ಅಭಿಪ್ರಾಯ ಹೊತ್ತು ಬರುತ್ತಿದ್ದರು.

ಕನ್ನಡ ಸಂಘದ ರಾಜಲಕ್ಷ್ಮಿ ಆಂಟಿ ಒಂದು ಭಾನುವಾರ ಬಿಸಿಬೇಳೆಬಾತು ತಂದಿದ್ದರು. "ಅತ್ತುಬಿಡಿ ರೇಣುಕಾ. ಒಳಗಿಟ್ಕೋಬಾರ್ದು," ಎಂದು ಕೈ ಹಿಡಿದರು.

"ಡಬ್ಬಿ ಈಗ್ಲೇ ತೊಳ್ದು ಕೊಡ್ಲಾ, ನಾಳೆ ಕೊಡ್ಲಾ?" ಎಂದರು ಆಂಟಿ.

ಹೊರಗೆ ಬಂದು ಕಾರಿನ ಬಾಗಿಲು ತೆಗೆಯುತ್ತಾ ರಾಜಲಕ್ಷ್ಮಿ ಆಂಟಿ ನನಗೆ ಹೇಳಿದರು: "ಕಲ್ಲು ಕಣ್ರೀ ಆಕೆ. ಗಂಡ ಹೋಗಿ ಎರಡು ತಿಂಗಳಾಗಿಲ್ಲ, ಕುಕ್ಕರಲ್ಲಿ ಕಟ್ಟಿಗೆ ಬೇಯಿಸ್ತಾ ಇದಾಳೆ!"

ನನಗೆ ನಗು ಬಂತು. ಆಮೇಲೆ ಮನೆಗೆ ಬಂದು ನನ್ನ ಗಂಡ ಪವನನಿಗೆ ಹೇಳುವಾಗ ಬರಲಿಲ್ಲ.

ಮಾನ್ಯಾಗೆ ಮಾತ್ರ ಆ ಮನೆ ಇಷ್ಟ. ಉನೆಬಿಯ ಮೈ ನೀರಿನ ಮಟ್ಟದಲ್ಲಿ ಉಬ್ಬಿ, ಮೇಲೆ ಹೋಗುತ್ತಾ ಒಳಕ್ಕೆ ಬಾಗಿದೆ. ಅದೇಕೆ ಹಾಗೆ ಎಂದು ಅವಳು ಕೇಳಿದ್ದಕ್ಕೆ ಆಂಟಿ ಸಿಂಕಿನಲ್ಲಿ ನೀರು ತುಂಬಿಸಿ ಹಿತ್ತಾಳೆಯ ತಂಬಿಗೆ ತೇಲಿಬಿಟ್ಟರಂತೆ. ಕೆಳಗೆ ಹೊಟ್ಟೆ, ಮೇಲೆ ಕತ್ತು. ಅದರ ಬಾಯಿಗೆ ಅಡ್ಡಲಾಗಿ ಒಂದೊಂದೇ ಚಮಚ ಇಡಿಸಿದರು. ಆರನೆಯ ಚಮಚಕ್ಕೆ ತಂಬಿಗೆ ಒಂದು ಕಡೆಗೆ ವಾಲಿ, ಗುಳುಗುಳು ಎಂದು ನೀರು ಕುಡಿದು ಮುಳುಗಿತು. "ಅಷ್ಟೇ," ಎಂದರಂತೆ ಅಜ್ಜಿ. ಎಷ್ಟು ತಮಾಷೆಯಾಗಿತ್ತು ಎಂದು ಮಾನ್ಯಾ ವಾರವಿಡೀ ಹೇಳಿದಳು. ನಮ್ಮ ಮನೆಯ ಎರಡು ಲೋಟ ಹಾಗೆ ಮುಳುಗಿದವು.

ಹಡಗನ್ನು ನೀರಲ್ಲಿ ಯಾಕೆ ಬಿಡಲ್ಲ ಎಂದು ಅವಳು ಕೇಳಿದ್ದು ನನ್ನ ತಲೆಯಲ್ಲಿ ಉಳಿಯಿತು. ಮರುದಿನ ಅವಳನ್ನು ಕರೆದುಕೊಂಡು ಬರಲು ನಾನೇ ಸ್ವಲ್ಪ ಬೇಗ ಹೋದೆ.

ಹಡಗು ಮುಗಿದಿತ್ತು. ಕಪ್ಪು ಮೈ, ಮೂರು ಕಂಬ, ಹೊಲಿಗೆ ದಾರದ ಹಗ್ಗಗಳು, ಸ್ವೆಟರ್ ಕಡ್ಡಿ ಕತ್ತರಿಸಿ ಮಾಡಿದ ಫಿರಂಗಿಗಳು. ಹೆಚ್ಚುಕಮ್ಮಿ ಒಂದು ಮೀಟರ್ ಉದ್ದ. ಮಾನ್ಯಾ ಪಕ್ಕದ ಕೋಣೆಯಲ್ಲಿ ಬಣ್ಣ ಹಚ್ಚುತ್ತಿದ್ದಳು.

"ತುಂಬಾ ಚೆನ್ನಾಗಿದೆ ಆಂಟಿ. ಇವಳು ನೀರಲ್ಲಿ ಬಿಡ್ಬೇಕು ಅಂತ ನಿಮ್ಮ ಪ್ರಾಣ ತಿಂತಿದಾಳಂತೆ?"

"ತಿನ್ನಲಿ ಬಿಡು." ಕುರ್ಚಿ ಎಳೆದು ಕೊಟ್ಟರು. "ರಚನಾ, ನಿನ್ ಕೆಲ್ಸ ತಪ್ಪು ಹುಡ್ಕೋದು ತಾನೆ?" ಎಂದು ಕೇಳಿದರು.

"ಹೂಂ ಆಂಟಿ. ಸಾಫ್ಟ್‌ವೇರ್ ಟೆಸ್ಟಿಂಗ್."

"ಹುಡ್ಕಿ, ಹೇಳ್ತೀಯ?"

"ಹೇಳ್ದೆ ಇದ್ರೆ ಕೆಲ್ಸದಿಂದ ತೆಗೀತಾರೆ."

ಅವರು ಎದ್ದು ಹೋಗಿ, ಸುರುಳಿ ಸುತ್ತಿದ್ದ ಟ್ರೇಸಿಂಗ್ ಹಾಳೆಯನ್ನು ತಂದು ನನ್ನ ಮುಂದೆ ಬಿಚ್ಚಿದರು. ನಾಲ್ಕು ಮೂಲೆಗೆ ನಾಲ್ಕು ಡಬ್ಬಿ ಇಟ್ಟರು: ಸಾಸಿವೆ, ಜೀರಿಗೆ, ಮೆಂತ್ಯ, ಇಂಗು. ಅಷ್ಟು ತೆಳ್ಳನೆಯ, ಅಷ್ಟು ಸಮನಾದ ಗೆರೆಗಳನ್ನು ಕೈಯಲ್ಲಿ ಎಳೆದದ್ದು ನಾನು ನೋಡಿರಲಿಲ್ಲ.

"ಹಡಗಿನ ನಕ್ಷೇಲಿ ಪಕ್ಕೆಲುಬು ಪೂರ್ತಿ ಬರಿಯಲ್ಲ. ಅರ್ಧ ಬರೀತಾರೆ. ಅದನ್ನ ಮಗುಚಿ ಹಾಕಿದ್ರೆ ಇನ್ನರ್ಧ. ಹಂಗಾಗಿ ತಪ್ಪಿದ್ರೂ ಎರಡು ಕಡೇನೂ ಒಂದೇ ತಪ್ಪಿರತ್ತೆ, ಹಡಗು ವಾಲಲ್ಲ. ಇದೊಂದು ಮಾತ್ರ," ಎಂದು ಎಲ್ಲಕ್ಕಿಂತ ಹೊರಗಿನ, ಅಗಲವಾದ ಗೆರೆಯ ಮೇಲೆ ಬೆರಳಿಟ್ಟರು, "ನಡುಮಧ್ಯದ್ದು. ಇದು ಎರಡು ಕಡೇನೂ ಪೂರ್ತಿ ಇರತ್ತೆ. ನಮ್ಮೋರು ಇದನ್ನ ಮಗುಚಲಿಲ್ಲ. ಹೇಗಿತ್ತೋ ಹಾಗೇ ಕತ್ತರಿಸಿದ್ರು."

"ಸರಿ."

"ಇಲ್ಲಿ ನೋಡು. ಎಡಗಡೆ."

ನೋಡಿದೆ. ಗೆರೆ ಇಳಿಯುತ್ತಾ ಬಂದು ಒಂದು ಕಡೆ ಕೂದಲೆಳೆಯಷ್ಟು ಕಡಿದು, ಎರಡು ಮಿಲಿಮೀಟರ್ ಹೊರಕ್ಕೆ ಸರಿದು, ಮತ್ತೆ ಇಳಿದಿತ್ತು.

"ಆ ಕಾಪಿ ಮಾಡಿದೋನು ಮಡಿಕೆ ಸರಿಯಾಗಿ ಬಿಡಿಸಿರ್ಲಿಲ್ಲ. ಮಡಿಕೇಲಿ ಗೆರೆ ಮುರಿದಿತ್ತು. ನಂಗೆ ಎಳೀವಾಗ್ಲೇ ಕಾಣ್ತು."

"ಅಂಕಲ್‌ಗೆ ಹೇಳ್ಲಿಲ್ವಾ?"

"ಇಲ್ಲ."

ಪಕ್ಕದ ಕೋಣೆಯಿಂದ ಮಾನ್ಯಾ, "ಅಜ್ಜಿ, ಪರ್ಪಲ್ ಎಲ್ಲಿ?" ಎಂದು ಕೂಗಿದಳು. "ಪೆಟ್ಟಿಗೆ ಅಡೀಲಿದೆ ನೋಡು," ಎಂದು ಆಂಟಿ ಅದೇ ದನಿಯಲ್ಲಿ ಹೇಳಿ ನನ್ನ ಕಡೆ ತಿರುಗಿದರು.

"ಕಂಡದ್ದನ್ನ ಬರ್ದೆ. ಅವರು ಅದರ ಮೇಲೆ ಗರಗಸ ಇಟ್ರು. ಎಡಗಡೆ ಎರಡು ಮಿಲಿಮೀಟರ್ ದಪ್ಪ. ಕಟ್ಟುವಾಗ ಉಜ್ಜಿ ಸರಿ ಮಾಡ್ಬೋದಿತ್ತು, ಹತ್ತು ನಿಮಿಷದ ಕೆಲ್ಸ. ಮಾಡ್ಲಿಲ್ಲ. ಅವರು ಕತ್ತರಿಸಿದ್ದು ಅಂತ."

"ಎರಡು ಮಿಲಿಮೀಟರ್‌ಗೆ ಏನಾಗತ್ತೆ ಆಂಟಿ..."

ಅವರು ಟ್ರೇಸಿಂಗ್ ಹಾಳೆಯ ಅಡಿಯಿಂದ ಇನ್ನೊಂದು ಕಾಗದ ತೆಗೆದರು. ಗೆರೆಯಿದ್ದ ಮಾಮೂಲು ನೋಟ್‌ಬುಕ್ ಹಾಳೆ. ಮೇಲೆ ತಾರೀಖು, ಜನವರಿ ಒಂಬತ್ತು. ಕೆಳಗೆ ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಎರಡು ಸಾಲು ಅಂಕಿ. ಮೊದಲನೆಯದು ಸಮಯ. ಇನ್ನೊಂದು ಏನೆಂದು ಕೇಳಬೇಕಾಗಲಿಲ್ಲ. ಆ ದಿನಗಳಲ್ಲಿ ಎಲ್ಲರ ಮನೆಯಲ್ಲೂ ಬೆರಳಿಗೆ ಸಿಕ್ಕಿಸುವ ಆ ಆಕ್ಸಿಜನ್ ಮೀಟರ್ ಇತ್ತು.

ಮಧ್ಯಾಹ್ನ ಎರಡಕ್ಕೆ ತೊಂಬತ್ತನಾಲ್ಕು. ಎರಡೂವರೆಗೆ ತೊಂಬತ್ತನಾಲ್ಕು. ಮೂರಕ್ಕೆ ತೊಂಬತ್ತಮೂರು. ಮೂರೂವರೆಗೆ ತೊಂಬತ್ತೊಂದು. ನಾಲ್ಕಕ್ಕೆ ತೊಂಬತ್ತೊಂದು. ಹೀಗೆ ಇಳಿಯುತ್ತಾ ಆರೂವರೆಗೆ ಎಂಬತ್ತೇಳು. ಅಲ್ಲಿಗೆ ನಿಂತಿತ್ತು.

"ತೊಂಬತ್ತೆರಡಕ್ಕಿಂತ ಕೆಳಗೆ ಹೋದ್ರೆ ಫೋನ್ ಮಾಡಿ ಅಂತ ಡಾಕ್ಟ್ರು ಬೆಳಿಗ್ಗೆನೇ ಹೇಳಿದ್ರು. ಮೂರೂವರೆಗೆ ಹೋಯ್ತು. ಅವರು, 'ಕೈ ತಣ್ಣಗಿದೆ ಕಣೇ, ಅದಕ್ಕೆ ಹಂಗೆ ತೋರಿಸ್ತಿದೆ, ಬಿಡು' ಅಂದ್ರು. ನಾನು ಬರ್ದೆ. ನಾಲ್ಕಕ್ಕೂ ಬರ್ದೆ. ಎಷ್ಟು ನೀಟಾಗಿ ಬರ್ದಿದೀನಿ ನೋಡು. ಫೋನ್ ಮಾಡಿದಾಗ ಏಳು ಗಂಟೆ."

ನಾನು ಹಾಳೆ ನೋಡುತ್ತಿದ್ದೆ. ಒಂದು ಅಂಕಿಯೂ ಅಲುಗಿರಲಿಲ್ಲ. ಎಂಬತ್ತೇಳರ ಏಳು, ತೊಂಬತ್ತನಾಲ್ಕರ ನಾಲ್ಕಿನಷ್ಟೇ ನೆಟ್ಟಗಿತ್ತು.

"ಆಂಟಿ, ನಿಮ್ಮ ತಪ್ಪೇನಿಲ್ಲ. ಆಗ ಯಾರಿಗೇನು ಗೊತ್ತಿತ್ತು? ಬೇಗ ಹೋಗಿದ್ರೂ..."

"ನೀನೂ ಅದನ್ನೇ ಹೇಳ್ತೀಯ." ಅವರ ದನಿ ಏರಲಿಲ್ಲ. "ರಾಜಲಕ್ಷ್ಮಿ ಹೇಳಿದ್ಲು. ಡಾಕ್ಟ್ರೂ ಹೇಳಿದ್ರು. ಪುರೋಹಿತರು ವಿಧಿ ಅಂದ್ರು. ಒಬ್ರೂ ಈ ಹಾಳೆ ನೋಡಿಲ್ಲ. ಚೆಕ್ ಮಾಡ್ದೇನೇ ಸೈನ್ ಹಾಕ್ತೀರಲ್ಲೇ ಎಲ್ರೂ?"

ಹಾಳೆಯನ್ನು ಮತ್ತೆ ಮೇಲಿನಿಂದ ಓದಿದೆ. ಈ ಸಲ ನಿಜವಾಗಿ ಓದಿದೆ, ಕೆಲಸದಲ್ಲಿ ಓದುವ ಹಾಗೆ. ಮೂರೂವರೆಯ ಸಾಲಿನ ಮೇಲೆ ಬೆರಳಿಟ್ಟೆ.

"ಇಲ್ಲಿ ಫೋನ್ ಮಾಡ್ಬೇಕಿತ್ತು," ಎಂದೆ.

"ಹೂಂ."

"ಮಾಡಿದ್ರೆ ಏನಾಗ್ತಿತ್ತೋ ನಂಗೊತ್ತಿಲ್ಲ ಆಂಟಿ. ಈ ಹಾಳೇಲಿ ಅದಿಲ್ಲ."

"ಹೂಂ. ಅದಿಲ್ಲ." ಅವರು ಕಾಗದವನ್ನು ಮಡಿಸಲಿಲ್ಲ. ಇದ್ದ ಹಾಗೆಯೇ ಟೇಬಲ್ಲಿನ ಮೇಲೆ ಬಿಟ್ಟರು. ಮೊಣಕೈ ಊರಿ ಕೂತು ಹಡಗನ್ನು ನೋಡಿದರು. ಕಣ್ಣು ಒಣಗಿತ್ತು. ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ಕಾಯುತ್ತಿದ್ದೆನೋ ಏನೋ, ಮಾನ್ಯಾ ಬಂದು ನನ್ನ ಬೆನ್ನಿಗೆ ಒರಗಿದ್ದು ಸ್ವಲ್ಪ ತಡವಾಗಿ ತಿಳಿಯಿತು. ಅವಳ ಗಲ್ಲಕ್ಕೆ ಪರ್ಪಲ್ ಹತ್ತಿತ್ತು. ತೋಳಿನ ತುದಿಯಿಂದ ಒರೆಸಿದೆ.

"ಒಂದು ಉಪಕಾರ ಮಾಡ್ತೀಯಾ?" ಎಂದರು ಆಂಟಿ.

"ಹೇಳಿ."

"ಇದನ್ನ ನಿಮ್ಮನೆಗೆ ತಗೊಂಡು ಹೋಗು. ಪವನಂಗೆ ಹೇಳು, ಎರಡೂ ಕೈಲಿ ಅಡಿ ಹಿಡ್ಕೊಂಡು ಎತ್ಲಿ, ಕಂಬ ಹಿಡೀಬಾರ್ದು. ಟಬ್‌ನಲ್ಲಿ ಒಂದಡಿ ನೀರು ತುಂಬ್ಸಿ ಬಿಡಿ. ಲೇಕ್‌ಗೆಲ್ಲ ಬೇಡ. ಅಲ್ಲಿ ಗಾಳಿ ಇರತ್ತೆ, ಗಾಳಿಗೆ ವಾಲ್ತೋ ನನ್ನ ಗೆರೆಗೆ ವಾಲ್ತೋ ಗೊತ್ತಾಗಲ್ಲ."

"ಯೆಸ್!" ಎಂದಳು ಮಾನ್ಯಾ.

"ನೀವೂ ಬನ್ನಿ ಆಂಟಿ. ಎರಡೇ ಮನೆ."

"ಬೇಡ. ನಾನು ನೋಡಿದ್ರೆ ಮತ್ತೆ ಸುಮ್ನೆ ಇದ್ಬಿಡ್ತೀನಿ." ಟ್ರೇಸಿಂಗ್ ಹಾಳೆಯ ಬಲಮೂಲೆಯನ್ನು ನನ್ನ ಕಡೆಗೆ ತಿರುಗಿಸಿದರು. ಅಲ್ಲಿ ಮೂರು ಪುಟ್ಟ ಚೌಕಗಳಿದ್ದವು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಲಾಕ್‌ಡೌನಿನಲ್ಲಿ, ಗಂಡನ ಆಟಕ್ಕೆಂದು ಎಳೆದ ನಕ್ಷೆಗೂ ಅವನ್ನು ಬಿಟ್ಟಿರಲಿಲ್ಲ. ಮೊದಲನೆಯದು ಖಾಲಿ. ನಡುವಿನದರಲ್ಲಿ ಆರ್.ಡಿ. ಚೆಕ್ ಮಾಡಿದವರ ಮೂರನೆಯದೂ ಖಾಲಿ.

"ಎಡಗಡೆ ದಪ್ಪ ಇರೋದ್ರಿಂದ ಬಲಕ್ಕೆ ವಾಲ್ಬೇಕು. ವಾಲಿದ್ರೆ ಎಷ್ಟು ಅಂತ ಅಳತೆಪಟ್ಟಿ ಇಟ್ಟು ನೋಡು. ನೆಟ್ಟಗೆ ನಿಂತ್ರೆ ನೆಟ್ಟಗೆ ಅಂತ ಬರಿ. ನನ್ನ ಸಮಾಧಾನಕ್ಕೆ ಒಂದು, ನಿಜಕ್ಕೆ ಒಂದು ಅಂತ ಎರಡು ಮಾಡ್ಬೇಡ. ನೋಡಿ, ಈ ಹಾಳೇಲೇ ಬರ್ದು, ಈ ಮೂರನೇ ಚೌಕದಲ್ಲಿ ನಿನ್ನ ಹೆಸರು ಹಾಕಿ, ಬಂದು ನಂಗೆ ಬಾಯಿಬಿಟ್ಟು ಹೇಳು."